ಎರಡೇ ನಿಮಿಷ ಅಂತ ಗಾಡೀಲಿ ಬಿಟ್ಟ ಕೀ

ಹೋದ ವಾರ ಅಮ್ಮನ್ನ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿದ್ದೆ. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಬದಲಾಯಿಸೋದಿತ್ತು, ಒಳಗೆ ಕೂರೋಕೆ ಇದ್ದಿದ್ದು ಒಂದೇ ಜಾಗ, ಅಲ್ಲಿ ಅಮ್ಮನ್ನ ಕೂರಿಸಿ ನಾನು ಹೊರಗೆ ಬಂದು ನಿಂತೆ. ಬಾಗಿಲ ಪಕ್ಕ ಒಂದು ಬೈಕು ನಿಂತಿತ್ತು, ಸ್ವಲ್ಪ ಓರೆಯಾಗಿ, ಅವಸರದಲ್ಲಿ ಬಿಟ್ಟು ಹೋದ ಹಾಗೆ. ಕೀ ಅದರಲ್ಲೇ ಇತ್ತು. ಗಾಳಿಗೆ ಕೀ ಚೈನು ಅಲ್ಲಾಡ್ತಾ ಟ್ಯಾಂಕಿನ ಮೂತಿಗೆ ಟಿಕ್ ಟಿಕ್ ಅಂತ ತಾಗ್ತಿತ್ತು, ಆ ಸದ್ದಿಗೇ ನಾನು ತಿರುಗಿ ನೋಡಿದ್ದು. ಮೊದ್ಲು ಅಂದ್ಕೊಂಡೆ, ಇಲ್ಲೇ ಎಲ್ಲೋ ಇರ್ತಾರೆ, ಈಗ ಬರ್ತಾರೆ ಅಂತ. ಐದು ನಿಮಿಷ ಆಯ್ತು, ಹತ್ತು ಆಯ್ತು, ಯಾರೂ ಬರ್ಲಿಲ್ಲ. ಹತ್ರ ಹೋಗಿ ಮೀಟರಿನ ಮೇಲೆ ಅಂಗೈ ಅಡ್ಡ ಹಿಡಿದು ನೋಡಿದೆ, ಬಿಸಿಲಲ್ಲಿ ಹಾಗೆ ನೋಡಿದ್ರೆ ಏನೂ ಕಾಣ್ತಿರ್ಲಿಲ್ಲ. ನ್ಯೂಟ್ರಲ್‌ನ ಹಸಿರು ಲೈಟು ಉರೀತಾ ಇತ್ತು. ಅಂದ್ರೆ ಕೀ ಬರೀ ಸಿಕ್ಕಿಸಿರ್ಲಿಲ್ಲ, ಆನ್ ಆಗೇ ಇತ್ತು. ಎಂಜಿನ್ನನ್ನ ಬಲಗೈ ಹತ್ರ ಇರೋ ಕೆಂಪು ಕಿಲ್ ಸ್ವಿಚ್ಚಲ್ಲಿ ಆಫ್ ಮಾಡಿ ಇಳಿದು ಓಡಿದ್ದಾರೆ.

ಒಳಗೆ ಹೋಗಿ ಗಾಡಿ ನಂಬರ್ ಹೇಳಿ ಯಾರದ್ದು ಅಂತ ಕೇಳಿದೆ. ಕೂತಿದ್ದೋರು ಯಾರೂ ನಮ್ದು ಅನ್ಲಿಲ್ಲ. ವಾಪಸ್ ಬಂದು ಗಾಡಿ ಪಕ್ಕ ನಿಂತೆ. ನಿಂತೋನು ಹೆಚ್ಚುಕಮ್ಮಿ ಒಂದು ಗಂಟೆ ಅಲ್ಲೇ ನಿಂತಿದ್ದೆ, ಅಮ್ಮನ ಸರದಿ ಬರೋವರೆಗೂ ನಂಗೂ ಬೇರೆ ಕೆಲ್ಸ ಇರ್ಲಿಲ್ಲ. ಆದ್ರೆ ಆ ಕೀ ಮುಟ್ಟೋಕೆ ಮಾತ್ರ ಕೈ ಬರ್ಲಿಲ್ಲ. ಎರಡು ಸಲ ಕೈ ಮುಂದೆ ಹೋಯ್ತು, ಎರಡು ಸಲಾನೂ ಹಿಂದೆ ತಗೊಂಡೆ. ಬೇರೆಯವರ ಗಾಡಿ ಕೀಗೆ ಕೈ ಹಾಕಿದ ಕ್ಷಣ ನೋಡೋರ ಕಣ್ಣಿಗೆ ನಾನೇ ಕಳ್ಳ. ಒಳ್ಳೇದಕ್ಕೆ ಮುಟ್ಟಿದೆ ಅಂತ ಎಷ್ಟು ಜನಕ್ಕೆ ಅಂತ ವಿವರಿಸೋದು, ಅದನ್ನ ಕೇಳೋ ತಾಳ್ಮೆ ಯಾರಿಗಿರತ್ತೆ? ಹಾಗಾಗಿ ಕಾವಲು ನಿಂತ್ರೆ ಸಾಕು ಅಂತ ತೀರ್ಮಾನ ಮಾಡಿದೆ. ಆ ತೀರ್ಮಾನ ಸರಿ ಇರ್ಲಿಲ್ಲ, ಅದನ್ನ ಕೊನೇಲಿ ಹೇಳ್ತೀನಿ. ಆದ್ರೆ ಅಲ್ಲಿ ನಿಂತಿದ್ದಷ್ಟು ಹೊತ್ತೂ ತಲೇಲಿ ಓಡ್ತಿದ್ದಿದ್ದು ಅಪ್ಪನ ಗಾಡಿ.

ಗಾಡಿ ಇರೋದೇ ಹೊರಡೋಕೆ

ಅಪ್ಪ ಕೀ ತೆಗೀತಾನೇ ಇರ್ಲಿಲ್ಲ. ಹೊರಗೆ ಎಲ್ಲಾದ್ರೂ ನಿಲ್ಲಿಸಿದ್ರೆ ತೆಗೆದು ಜೇಬಿಗೆ ಹಾಕ್ಕೋತಿದ್ರು, ಆದ್ರೆ ಮನೆ ಗೇಟಿನ ಒಳಗೆ ಬಂದ ಮೇಲೆ ಕೀ ಗಾಡೀಲೇ. ಅಮ್ಮ ದಿನಾ ಬೈಯೋರು. ಅಪ್ಪ ಹೇಳೋದು ಒಂದೇ ಮಾತು, "ಗಾಡಿ ಇರೋದೇ ಹೊರಡೋಕೆ, ಕೀ ಒಂದು ಕಡೆ ಗಾಡಿ ಒಂದು ಕಡೆ ಇದ್ರೆ ಎರಡೂ ದಂಡ." ನಾನು ಕಾಲೇಜಿಗೆ ಹೋಗೋ ಹೊತ್ತಿಗೆ ಇದನ್ನ ಸೋಮಾರಿತನ ಅಂದ್ಕೊಂಡಿದ್ದೆ. ಈಗ ಹಾಗನ್ಸಲ್ಲ, ಯಾಕಂದ್ರೆ ಆ ಮಾತಿನ ಹಿಂದೆ ಒಂದು ರಾತ್ರಿ ಇದೆ.

ತಂಗಿಗೆ ಚಿಕ್ಕೋಳಿದ್ದಾಗ ಉಬ್ಬಸ ಇತ್ತು. ಒಂದಿನ ನಡುರಾತ್ರಿ ಅಮ್ಮ ಕೂಗಿದ್ದಕ್ಕೆ ಎದ್ದೆ, ತಂಗಿ ಹಾಸಿಗೆ ಮೇಲೆ ಎರಡೂ ಕೈ ಊರಿಕೊಂಡು ಮುಂದೆ ಬಾಗಿ ಕೂತಿದ್ಲು, ಉಸಿರು ಎಳೆದಾಗೆಲ್ಲ ಕುತ್ತಿಗೆ ಬುಡದಲ್ಲಿ ಗುಳಿ ಬೀಳ್ತಿತ್ತು, ಮಾತು ಹೊರಡ್ತಿರ್ಲಿಲ್ಲ. ಕರೆಂಟು ಬೇರೆ ಹೋಗಿತ್ತು. ಅಪ್ಪ ಅವಳನ್ನ ಎತ್ಕೊಂಡು ಹಾಗೇ ಹೊರಗೆ ಬಂದ್ರು, ಚಪ್ಪಲಿ ಹಾಕ್ಲಿಲ್ಲ, ಟಾರ್ಚು ಹುಡುಕ್ಲಿಲ್ಲ. ಅವಳನ್ನ ಟ್ಯಾಂಕಿನ ಮೇಲೆ ಕೂರಿಸಿ, ಅಮ್ಮ ಹಿಂದೆ ಹತ್ತೋದ್ರೊಳಗೆ ಕತ್ತಲೇಲೇ ಕೈಯಿಟ್ಟು ಕೀ ತಿರುಗಿಸಿ, ಬರಿಗಾಲಲ್ಲಿ ಕಿಕ್ಕು ಹೊಡೆದ್ರು. ಎರಡನೇ ಕಿಕ್ಕಿಗೆ ಗಾಡಿ ಶುರುವಾಯ್ತು. ನಾನು ಗೇಟು ತೆಗೆದು ಹಿಡ್ಕೊಂಡಿದ್ದೆ, ಹೆಡ್‌ಲೈಟು ನನ್ನ ಮುಖಕ್ಕೆ ಹೊಡೆದು ಆಚೆ ಹೋಯ್ತು. ಅವ್ರು ಬೆಳಿಗ್ಗೆ ಬರೋವರೆಗೂ ನಾನು ಮೆಟ್ಟಿಲ ಮೇಲೇ ಕೂತಿದ್ದೆ. ತಂಗಿ ಉಳ್ಕೊಂಡ್ಲು. ಕೀ ಹುಡುಕೋಕೆ ನಾಲ್ಕು ನಿಮಿಷ ಹಿಡಿದಿದ್ರೆ ಏನಾಗ್ತಿತ್ತು ಅಂತ ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳ್ಲಿಲ್ಲ, ಆದ್ರೆ ಅಲ್ಲಿಂದಾಚೆ ಅಮ್ಮ ಕೀ ವಿಷಯ ಎತ್ತಿದ್ದು ನಾನು ಕೇಳಿಲ್ಲ.

ಎಷ್ಟೋ ವರ್ಷದ ಮೇಲೆ ಜಪಾನಿನ ಒಂದು ನಿಯಮ ಓದಿದಾಗ ಅಪ್ಪನ ಮಾತು ನೆನಪಾಯ್ತು. ಅಲ್ಲಿ ದೊಡ್ಡ ಭೂಕಂಪ ಆಗಿ, ಕಾರನ್ನ ರಸ್ತೇಲೇ ಬಿಟ್ಟು ಓಡಬೇಕಾಗಿ ಬಂದ್ರೆ, ಕೀನ ಕಾರಲ್ಲೇ ಬಿಡಿ, ಬಾಗಿಲು ಲಾಕ್ ಮಾಡಬೇಡಿ ಅಂತ ಚಾಲಕರಿಗೆ ಕಲಿಸ್ತಾರೆ. ಹಿಂದೆ ಬರೋ ಆಂಬುಲೆನ್ಸಿಗೋ ಬೆಂಕಿ ಆರಿಸೋರಿಗೋ ದಾರಿ ಬೇಕು, ಯಾರಾದ್ರೂ ಆ ಕಾರನ್ನ ಪಕ್ಕಕ್ಕೆ ತಳ್ಳೋ ಹಾಗಿರಬೇಕು ಅಂತ. ಕಳ್ಳನ ಭಯಕ್ಕಿಂತ ದೊಡ್ಡ ಭಯ ಒಂದು ಇರೋ ಹೊತ್ತಲ್ಲಿ ಕೀ ಎಲ್ಲಿರಬೇಕು ಅನ್ನೋ ಉತ್ತರಾನೇ ತಿರುಗಿಬಿಡತ್ತೆ. ಅಪ್ಪಂಗೆ ಆ ದೊಡ್ಡ ಭಯ ದಿನಾ ರಾತ್ರಿ ಇತ್ತು, ಮಗಳು ಪಕ್ಕದ ಕೋಣೇಲಿ ಮಲಗಿದ್ಲು.

ಗೇರಲ್ಲಿ ನಿಲ್ಲಿಸಿದ್ದ ಗಾಡಿ

ಹಾಗಂತ ಅಪ್ಪಂದೇ ಸರಿ ಅಂತ ಬರೆದು ಮುಗಿಸೋಕಾಗಲ್ಲ. ನಾನೂ ಅದನ್ನೇ ಕಲ್ತಿದ್ದೆ, ಮನೆ ಒಳಗೆ ಬಂದ್ರೆ ಕೀ ಗಾಡೀಲೇ. ಅದರ ಫಲ ಉಂಡಿದ್ದು ನಾನಲ್ಲ, ತಂಗಿ ಮಗ. ಅವತ್ತು ಉಸಿರಿಗೆ ಒದ್ದಾಡಿದ್ದ ಅದೇ ತಂಗಿಯ ಮಗ, ಆಗ ಅವನಿಗೆ ನಾಲ್ಕು ವರ್ಷ.

ನಮ್ಮನೆ ಅಂಗಳ ಸ್ವಲ್ಪ ಇಳಿಜಾರು. ಇಳಿಜಾರಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್ಲಲ್ಲಿ ಬಿಟ್ರೆ ಗಾಡಿ ಮುಂದಕ್ಕೆ ಜಾರತ್ತೆ, ಮುಂದಕ್ಕೆ ಜಾರಿದ್ರೆ ಸ್ಟ್ಯಾಂಡ್ ಹಿಂದಕ್ಕೆ ಮಡಚ್ಕೊಳತ್ತೆ, ಗಾಡಿ ಬೀಳತ್ತೆ. ಅದಕ್ಕೇ ಫಸ್ಟ್ ಗೇರಲ್ಲಿ ನಿಲ್ಲಿಸಬೇಕು ಅಂತ ಗಾಡಿ ಕಲಿಸೋ ಎಲ್ಲರೂ ಹೇಳ್ತಾರೆ, ನಾನೂ ತಪ್ಪದೆ ಹಾಗೇ ಮಾಡ್ತಿದ್ದೆ. ಅವತ್ತೂ ಫಸ್ಟ್ ಗೇರ್ ಹಾಕಿ ಸ್ಟ್ಯಾಂಡ್ ಹಾಕಿದೆ, ಎರಡೂ ಕೈಯಲ್ಲಿ ಚೀಲ, ಒಳಗೆ ಹೋದೆ. ಹುಡುಗ ಹೊರಗೇ ಆಡ್ತಿದ್ದ. ದಿನಾ ನನ್ನ ಮುಂದೆ ಟ್ಯಾಂಕಿನ ಮೇಲೆ ಕೂತು ಒಂದು ಸುತ್ತು ಬರೋನು ಅವನು, ನಾನು ಮೊದ್ಲು ಏನು ತಿರುಗಿಸ್ತೀನಿ, ಆಮೇಲೆ ಯಾವ ಬಟನ್ ಒತ್ತುತೀನಿ ಎಲ್ಲಾ ಕಣ್ಣಲ್ಲೇ ಕಲ್ತಿದ್ದ. ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಹತ್ತಿದ್ದಾನೆ. ಕೀ ತಿರುಗಿಸಿದ್ದಾನೆ. ಸೆಲ್ಫ್ ಒತ್ತಿದ್ದಾನೆ.

ಈಗ ಬರೋ ಎಷ್ಟೋ ಗಾಡಿಗಳಲ್ಲಿ ಗೇರಲ್ಲಿದ್ದಾಗ ಕ್ಲಚ್ ಹಿಡೀದೆ ಸೆಲ್ಫ್ ತಗೊಳಲ್ಲ, ಸೈಡ್ ಸ್ಟ್ಯಾಂಡ್ ಕೆಳಗಿದ್ದು ಗೇರ್ ಹಾಕಿದ್ರೆ ಎಂಜಿನ್ ಆಫ್ ಆಗೋ ಸ್ವಿಚ್ಚೂ ಇರತ್ತೆ. ನನ್ನದರಲ್ಲಿ ಎರಡೂ ಇರ್ಲಿಲ್ಲ. ಅಂಥ ಗಾಡಿ ಗೇರಲ್ಲಿದ್ದಾಗ ಬಟನ್ ಒತ್ತಿದ್ರೆ ಎಂಜಿನ್ ಹತ್ತಿಕೊಳ್ಳೋದೂ ಬೇಕಿಲ್ಲ, ಸ್ಟಾರ್ಟರ್ ಮೋಟರೇ ಎಂಜಿನ್ನನ್ನೂ ಚೈನನ್ನೂ ಹಿಂದಿನ ಚಕ್ರಾನೂ ಒಟ್ಟಿಗೆ ಎಳೆದು ಗಾಡಿನ ಮುಂದಕ್ಕೆ ಎಗರಿಸತ್ತೆ. ನಾನು ಒಳಗೆ ಕೇಳಿದ್ದು ಒಂದು ಗರ್ ಅನ್ನೋ ಸದ್ದು, ಹಿಂದೇನೇ ಧಡ್. ಓಡಿ ಬಂದಾಗ ಗಾಡಿ ಎಡಕ್ಕೆ ಮಲಗಿತ್ತು, ಅವನ ಕಾಲು ಅದರ ಅಡಿಗೆ. ಕ್ರ್ಯಾಶ್ ಗಾರ್ಡಿನ ಕಂಬಿ ನೆಲಕ್ಕೆ ತಾಗಿ ನಿಂತಿದ್ರಿಂದ ಒಂದು ಗೇಣು ಜಾಗ ಉಳಿದಿತ್ತು, ಆ ಒಂದು ಗೇಣಲ್ಲಿ ಅವನ ಮೊಣಕಾಲು ಇತ್ತು. ಗೇರ್ ಲಿವರ್ ಮೀನಖಂಡದ ಮೇಲೆ ಉದ್ದಕ್ಕೆ ಗೀರಿತ್ತು, ಪೆಟ್ರೋಲ್ ಮುಚ್ಚಳದ ಸಂದಿಯಿಂದ ತೊಟ್ಟಿಕ್ಕಿ ಅವನ ಚಡ್ಡಿ ನೆಂದಿತ್ತು. ಅಳ್ತಿರ್ಲಿಲ್ಲ. ಬೈತಾನೇನೋ ಅಂತ ನನ್ನ ಮುಖಾನೇ ನೋಡ್ತಿದ್ದ. ಆ ನೋಟ ನಂಗೆ ಇವತ್ತಿಗೂ ಮರೆಯೋಕಾಗಿಲ್ಲ, ತಪ್ಪು ಮಾಡಿದೋನು ನಾನು, ಹೆದರಿದ್ದು ಮಗು.

ಕೀ ಬಿಡೋ ಮಾತು ಬಂದಾಗೆಲ್ಲ ನಾವು ಕಳ್ಳನ್ನ ಮಾತ್ರ ನೆನೆಸ್ಕೋತೀವಿ. ಇಲ್ಲಿ ಕಳ್ಳರು ಬರಲ್ಲ, ನಮ್ಮ ಗೇಟಿನ ಒಳಗೆ ತಾನೇ ಇರೋದು, ಕಣ್ಣಳತೇಲೇ ಇದೆ ಅಂತೀವಿ. ಗೇಟಿನ ಒಳಗಿರೋರಲ್ಲಿ ಮಗುನೂ ಇರತ್ತೆ ಅನ್ನೋದು ಆ ಲೆಕ್ಕಕ್ಕೆ ಬರೋದೇ ಇಲ್ಲ. ನಾನು ಜಾರಬಾರ್ದು ಅಂತ ಗೇರ್ ಹಾಕಿದ್ದೆ, ಸರಿಯಾದ ಅಭ್ಯಾಸವೇ, ಕೀ ತೆಗೆದಿದ್ರೆ ಆ ಗೇರು ಗಾಡಿನ ಹಿಡಿದು ನಿಲ್ಲಿಸ್ತಿತ್ತು. ಕೀ ಇದ್ದಿದ್ರಿಂದ ಅದೇ ಗೇರು ಗಾಡಿನ ಮಗು ಮೇಲೆ ಕೆಡವಿತು.

ಮಾರನೇ ದಿನ ಬೆಳಿಗ್ಗೆ ಸುತ್ತಿಗೆ ಸದ್ದಿಗೆ ಎಚ್ಚರ ಆಯ್ತು. ಅಪ್ಪ ಮುಂಬಾಗಿಲ ಒಳಗಡೆ, ಚೌಕಟ್ಟಿನ ಪಕ್ಕ, ತಮ್ಮ ಭುಜದ ಎತ್ತರಕ್ಕೆ ಒಂದು ಮೊಳೆ ಹೊಡೀತಿದ್ರು. ಹೊಡೆದು, ಕೀ ತಗುಲಿಸಿ, ಕಣ್ಣು ಮುಚ್ಕೊಂಡು ಒಂದ್ಸಲ ಕೈಯಿಟ್ಟು ತೆಗೆದು ನೋಡಿದ್ರು, ಮತ್ತೆ ತಗುಲಿಸಿದ್ರು. ನಂಗೆ ಒಂದು ಮಾತೂ ಅನ್ಲಿಲ್ಲ. ಕತ್ತಲೇಲೂ ಸಿಗಬೇಕು, ಹುಡುಗನ ಕೈಗೆ ಸಿಗಬಾರ್ದು, ಅಷ್ಟೇ ಅವ್ರ ಲೆಕ್ಕ. ಅಷ್ಟು ವರ್ಷದ ಅಭ್ಯಾಸ ಆ ಒಂದು ಮೊಳೆಗೆ ನಿಂತುಹೋಯ್ತು.

ಆ ಪುಟ್ಟ ಬೀಗದೊಳಗೆ

ಕೀ ತೆಗೆದ್ರೆ ಗಾಡಿ ಭದ್ರ ಅಂತಾನೂ ನಾನು ಹೇಳ್ತಿಲ್ಲ. ಇಗ್ನಿಷನ್ ಲಾಕಿನ ಒಳಗೆ ಇರೋದು ಸ್ಪ್ರಿಂಗ್ ಮೇಲೆ ಕೂತ ತೆಳು ಲೋಹದ ಬಿಲ್ಲೆಗಳ ಒಂದು ಸಾಲು. ಸರಿಯಾದ ಕೀ ಒಳಗೆ ಹೋದಾಗ ಅದರ ಕಚ್ಚುಗಳು ಒಂದೊಂದು ಬಿಲ್ಲೆನೂ ಅದರದ್ದೇ ಎತ್ತರಕ್ಕೆ ತಂದು ನಿಲ್ಲಿಸತ್ವೆ, ಆಗ ಮಾತ್ರ ಲಾಕು ತಿರುಗತ್ತೆ. ವರ್ಷಗಟ್ಟಲೆ ತಿರುಗಿಸಿ ತಿರುಗಿಸಿ ಆ ಬಿಲ್ಲೆಗಳೂ ಸವೀತವೆ ಕೀನೂ ಸವೆಯತ್ತೆ, ಕೊನೆಗೆ ಬೇರೆ ಯಾವ್ದೋ ಕೀಗೂ ತಿರುಗೋ ಲಾಕುಗಳಿವೆ, ಓಡ್ತಾ ಇರುವಾಗಲೇ ಕೀ ಕಳಚಿ ರಸ್ತೇಲಿ ಬಿದ್ದೋಗೋ ಗಾಡಿಗಳೂ ಇವೆ (ಸ್ವಿಚ್ಚು ಆನ್ ಆಗೇ ಇರೋದ್ರಿಂದ ಎಂಜಿನ್ ನಿಲ್ಲಲ್ಲ, ಹೋಗಿ ನಿಲ್ಲಿಸಿದ ಮೇಲೇ ಗೊತ್ತಾಗೋದು). ಮನೆ ಬೀಗದಕೈ, ಬೀರು ಬೀಗದಕೈ ಎಲ್ಲಾ ಒಂದೇ ಗೊಂಚಲಿಗೆ ಹಾಕಿ ಗಾಡೀಲಿ ತೂಗುಬಿಟ್ರೆ ಆ ಭಾರಕ್ಕೆ ಸವೆತ ಇನ್ನೂ ಜಾಸ್ತಿ. ಮತ್ತೆ ಆ ಗೊಂಚಲನ್ನ ಗಾಡೀಲೇ ಬಿಟ್ಟು ಹೋದ್ರೆ ಬಿಟ್ಟಿದ್ದು ಬರೀ ಗಾಡಿ ಅಲ್ಲ, ಇಡೀ ಮನೆ.

ಹ್ಯಾಂಡಲ್ ಲಾಕನ್ನ ಬಲವಾಗಿ ಒದ್ದು ಮುರಿಯೋರಿದ್ದಾರೆ, ವೈರು ಕಿತ್ತು ಜೋಡಿಸಿ ಹೊರಡೋರಿದ್ದಾರೆ. ಅದಕ್ಕೆ ಅಂತಾನೇ ಇಮೊಬಿಲೈಸರ್ ಬಂತು, ಕೀ ತಲೆಯೊಳಗೆ ಒಂದು ಸಣ್ಣ ಚಿಪ್ಪು, ಅದಕ್ಕೆ ಬ್ಯಾಟರಿನೂ ಬೇಡ, ಲಾಕಿನ ಸುತ್ತ ಇರೋ ಸುರುಳಿಯಿಂದಲೇ ಶಕ್ತಿ ತಗೊಂಡು ತನ್ನ ಗುರುತು ಹೇಳತ್ತೆ, ಗುರುತು ಸಿಗದಿದ್ರೆ ಎಂಜಿನ್ ಹತ್ತಲ್ಲ. ಹ್ಯಾಂಡಲ್ ಇರೋ ವಾಹನಗಳಿಗೆ ಕಳವು ತಡೆಯೋ ಸಾಧನ ಹೇಗಿರಬೇಕು ಅಂತ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 62ನೇ ನಂಬರಿನ ನಿಯಮ ಪೂರ್ತಿ ಅದಕ್ಕೇ ಮೀಸಲು. ಅಷ್ಟೆಲ್ಲ ಜನ ಕೂತು ಯೋಚ್ನೆ ಮಾಡಿದ್ದೆಲ್ಲ, ಕೀ ಗಾಡೀಲೇ ಇದ್ರೆ, ಒಂದೇ ತಿರುವಿಗೆ ಬಿಚ್ಕೊಳತ್ತೆ. ಕೀ ಇಲ್ಲದ ಗಾಡಿಗಳಲ್ಲೂ ಕಥೆ ಇದೇ, ರಿಮೋಟನ್ನ ಜಾಕೆಟ್ ಜೇಬಲ್ಲಿಟ್ಟು ಜಾಕೆಟ್ಟನ್ನ ಸೀಟಿನ ಮೇಲೆ ಬಿಟ್ಟು ಹೋದ್ರೆ ಅದೂ ಕೀ ಬಿಟ್ಟ ಹಾಗೇನೇ. ಕಳುವಾದ ಮೇಲೆ ವಿಮೆಯೋರು ಮೊದ್ಲು ಕೇಳೋದ್ರಲ್ಲಿ ಎರಡೂ ಕೀ ಎಲ್ಲಿದೆ ಅನ್ನೋದೂ ಒಂದು, ಒಂದೇ ತೋರಿಸಿದ್ರೆ ಮುಂದಿನ ಪ್ರಶ್ನೆಗಳು ಬೇರೇನೇ ಇರತ್ವೆ.

ಅಂದ್ರೆ ಕೀ ತೆಗೆಯೋದು ವೃತ್ತಿಪರ ಕಳ್ಳನಿಗೆ ಅಡ್ಡಿ ಆಗೋದು ಸ್ವಲ್ಪವೇ. ಕದಿಯೋ ಯೋಚ್ನೆನೇ ಇರದೆ ದಾರೀಲಿ ಹೋಗ್ತಾ, ಕೀ ಕಂಡು, ಆ ಕ್ಷಣಕ್ಕೆ ಮನಸ್ಸು ಕೆಟ್ಟೋನಿಗೆ ಅದು ನಿಜವಾದ ಅಡ್ಡಿ. ಆ ಮನಸ್ಸು ಕೆಡಿಸೋ ಪಾಪ ಯಾಕೆ ನಮಗೆ ಅಂತ ಅಮ್ಮ ಹೇಳೋರು, ಅದು ನಂಗೆ ದೊಡ್ಡ ಮಾತು ಅನ್ಸತ್ತೆ.

ಇನ್ನು ಬ್ಯಾಟರಿ. ಇದನ್ನ ಜನ ಅಷ್ಟಾಗಿ ಲೆಕ್ಕಕ್ಕೆ ತಗೊಳಲ್ಲ. ಕಿಲ್ ಸ್ವಿಚ್ಚು ಎಂಜಿನ್ನನ್ನ ನಿಲ್ಲಿಸತ್ತೆ ಅಷ್ಟೇ, ಕೀ ಆನ್ ಇದ್ರೆ ಎಷ್ಟೋ ಗಾಡಿಗಳಲ್ಲಿ ಟೈಲ್ ಲೈಟು, ಮುಂದಿನ ಸಣ್ಣ ಲೈಟು, ಮೀಟರಿನ ಲೈಟು ಉರೀತಾನೇ ಇರತ್ವೆ. ಹಳೇ ನಮೂನೆ ಬಲ್ಬುಗಳಾದ್ರೆ ಎಲ್ಲಾ ಸೇರಿ 15 ವ್ಯಾಟ್ ಅಂತಿಟ್ಕೊಳಿ, 12 ವೋಲ್ಟಿಗೆ ಅದು ಒಂದೂಕಾಲು ಆಂಪಿಯರ್. ಸಣ್ಣ ಬೈಕಿನ ಬ್ಯಾಟರಿ 4 ಆಂಪಿಯರ್-ಅವರ್‌ದು (ಅಂದ್ರೆ 1 ಆಂಪಿಯರ್ ಎಳೆದ್ರೆ 4 ಗಂಟೆ ಬರೋದು) ಇದ್ರೆ ಹೊಸದಿದ್ದಾಗಲೇ ಮೂರು ಗಂಟೆ ಚಿಲ್ಲರೆಗೆ ಬರಿದು, ಎರಡ್ಮೂರು ವರ್ಷ ಹಳೇದಾದ್ರೆ ಒಂದು ಗಂಟೇಲೇ ಸೆಲ್ಫ್ ಎತ್ತೋ ತಾಕತ್ತು ಹೋಗಿರಬಹುದು. ಬರಿದಾದ ಲೆಡ್ ಬ್ಯಾಟರಿನ ಹಾಗೇ ದಿನಗಟ್ಟಲೆ ಬಿಟ್ರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಮೊದಲಿನ ಹಾಗಾಗಲ್ಲ. ಕೆಲವು ಗಾಡಿಗಳಲ್ಲಿ ಹ್ಯಾಂಡಲ್ ಲಾಕಿನಿಂದ ಇನ್ನೊಂದು ಹೆಜ್ಜೆ ಆಚೆ ಪಾರ್ಕಿಂಗ್ ಲೈಟಿನ ಸ್ಥಾನ ಇರತ್ತೆ, ಕೀ ಕೈಗೆ ಬರತ್ತೆ, ಲಾಕೂ ಆಗಿರತ್ತೆ, ಆದ್ರೆ ಲೈಟು ಉರೀತಿರತ್ತೆ, ಬೆಳಿಗ್ಗೆ ಬಂದ್ರೆ ಗಾಡಿ ಸತ್ತಿರತ್ತೆ. ಪಾಯಿಂಟ್ (ಎಂಜಿನ್ನಿನ ಕಿಡಿಗೆ ಕರೆಂಟು ಕೊಡೋ ಕಾಯಿಲನ್ನ ಆನ್-ಆಫ್ ಮಾಡೋ ಸಣ್ಣ ಸ್ವಿಚ್ಚು) ಇದ್ದ ಹಳೇ ಗಾಡಿಗಳಲ್ಲಿ ಇನ್ನೂ ಕಷ್ಟ, ಪಾಯಿಂಟು ಮುಚ್ಕೊಂಡಿರೋವಾಗ ಕೀ ಆನ್ ಬಿಟ್ರೆ ಕಾಯಿಲಿಗೆ ಕರೆಂಟು ಹರೀತಾನೇ ಇದ್ದು ಕಾಯಿಲು ಕಾದು ಸುಟ್ಟೇಹೋಗಬಹುದು.

ಇಷ್ಟೆಲ್ಲಾ ಗೊತ್ತಿತ್ತು ನಂಗೆ. ಗೊತ್ತಿದ್ದೂ ಆ ಹಸಿರು ಲೈಟನ್ನ ನೋಡ್ತಾ ಒಂದು ಗಂಟೆ ನಿಂತಿದ್ದೆ.

ಆತ ಹೊರಗೆ ಬಂದಾಗ

ಅಮ್ಮನ ಡ್ರೆಸ್ಸಿಂಗ್ ಮುಗಿಯೋ ಹೊತ್ತಿಗೆ ಒಳಗಿನ ಕೋಣೆಯಿಂದ ಒಬ್ಬ ಹುಡುಗ ಓಡಿ ಬಂದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು, ಅಂಗಿ ತೋಳಿನ ಮೇಲೆಲ್ಲ ವಾಂತಿ ಕಲೆ. ಕೈಯಲ್ಲಿ ಒಂದು ಚೀಟಿ. ಅವನ ಅಜ್ಜಿನ ಕರ್ಕೊಂಡು ಬಂದಿದ್ದಂತೆ, ಅವರು ದಾರೀಲೇ ಹಿಂದೆ ಕೂತಲ್ಲೇ ತೂರಾಡೋಕೆ ಶುರು ಮಾಡಿ, ಒಂದು ಕೈಲಿ ಅವರನ್ನ ಹಿಡ್ಕೊಂಡೇ ಗಾಡಿ ತಂದು ನಿಲ್ಲಿಸಿ, ಎತ್ಕೊಂಡು ನೇರ ಒಳಗೆ ಹೋಗಿದ್ದ. ಅದಕ್ಕೇ ಕಿಲ್ ಸ್ವಿಚ್ಚು. ಅವನ ಎಡಗೈಗೆ ಪುರುಸೊತ್ತೇ ಇರ್ಲಿಲ್ಲ. ಈಗ ಡಾಕ್ಟ್ರು ಬರೆದುಕೊಟ್ಟ ಒಂದು ಇಂಜೆಕ್ಷನ್ ಅಲ್ಲಿರ್ಲಿಲ್ಲ, ತರ್ಬೇಕು, ಬೇಗ ತರ್ಬೇಕು.

ಗಾಡೀಲಿ ಕೀ ಇದ್ದಿದ್ದನ್ನ ಅವನು ಗಮನಿಸಿದ ಹಾಗೂ ಕಾಣ್ಲಿಲ್ಲ. ಕಿಲ್ ಸ್ವಿಚ್ಚು ತಿರುಗಿಸಿ ಸೆಲ್ಫ್ ಒತ್ತಿದ. ಟಕ್. ಮತ್ತೆ ಒತ್ತಿದ, ಟಕ್ ಟಕ್ ಟಕ್. ಮೀಟರಿನ ಲೈಟು ಒತ್ತಿದಾಗೆಲ್ಲ ಮಂಕಾಗಿ ಬಿಟ್ಟಾಗ ಸ್ವಲ್ಪ ಏಳ್ತಿತ್ತು. ಅದು ಕಿಕ್ಕರ್ ಇಲ್ಲದ ಗಾಡಿ. ಅವನು ನನ್ನ ಮುಖ ನೋಡಿದ, ನಂಗೆ ಆಗ ಆದ ಸಂಕಟ ಹೇಗೆ ಹೇಳ್ಲಿ. ಒಂದು ಗಂಟೆ ಹಿಂದೆ ನಾನು ಬೆರಳಷ್ಟು ತಿರುಗಿಸಿದ್ರೆ ಸಾಕಿತ್ತು, ಕೀ ತೆಗೆಯೋದೂ ಬೇಕಿರ್ಲಿಲ್ಲ, ಆಫ್ ಮಾಡಿ ಅಲ್ಲೇ ಬಿಟ್ಟು ಪಕ್ಕ ನಿಂತಿದ್ರೆ ಈಗ ಅವನು ಹೊರಟಿರ್ತಿದ್ದ. ನಾನು ಕಾದಿದ್ದು ಗಾಡಿನ, ಅದು ಯಾರಿಗೋ ತುರ್ತಾಗಿ ಬೇಕಾಗತ್ತೆ ಅನ್ನೋದನ್ನ ಅಲ್ಲ. ಅಪ್ಪ ಆಗಿದ್ರೆ ಮೊದಲ ನಿಮಿಷಕ್ಕೇ ಹೋಗಿ ಆಫ್ ಮಾಡಿರೋರು, ನೋಡೋರು ಏನಾದ್ರೂ ಅಂದ್ಕೊಳ್ಳಿ ಅಂತ.

"ಸೆಕೆಂಡ್ ಗೇರ್ ಹಾಕು, ಕ್ಲಚ್ ಹಿಡಿ, ನಾನು ತಳ್ತೀನಿ, ಸ್ಪೀಡ್ ಬಂದ ಮೇಲೆ ಒಮ್ಮೆಲೇ ಬಿಡು" ಅಂದೆ. ಫಸ್ಟ್ ಗೇರಲ್ಲಿ ಬಿಟ್ರೆ ಚಕ್ರ ಅಲ್ಲೇ ಕಚ್ಕೊಂಡು ನಿಂತುಬಿಡತ್ತೆ, ಸೆಕೆಂಡಲ್ಲಿ ಸಲೀಸು. ಹಿಂದಿನ ಕಂಬಿ ಹಿಡಿದು ತಳ್ಳೋಕೆ ಶುರು ಮಾಡಿದೆ. ಮೊದಲ ಸಲ ಕ್ಲಚ್ ಬೇಗ ಬಿಟ್ಟ, ಗಾಡಿ ಮುಗ್ಗರಿಸಿ ನಿಂತು ನನ್ನ ಎದೆ ಟೈಲ್ ಲೈಟಿಗೆ ಹೊಡೀತು. ಎರಡನೇ ಸಲ ಇನ್ನೂ ಜೋರಾಗಿ ಓಡಿದೆ, ಚಪ್ಪಲಿ ಒಂದು ಹಿಂದೆ ಉಳೀತು, ಬಿಡು ಅಂತ ಕೂಗಿದೆ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಳ್ತು. ಅವನು ತಿರುಗಿ ನೋಡದೆ ಹೋದ. ಹಾಗೇ ಹೋಗಬೇಕಿತ್ತು.

ಚಪ್ಪಲಿ ಎತ್ಕೊಂಡು ವಾಪಸ್ ಬಂದ್ರೆ ಅಮ್ಮ ಮೆಟ್ಟಿಲ ಹತ್ರ ಗೋಡೆ ಹಿಡಿದು ನಿಂತಿದ್ರು. ಯಾರ ಗಾಡಿ ಅದು ಅಂದ್ರು. ಗೊತ್ತಿಲ್ಲ ಅಂದೆ. ಅವನು ಹತ್ತು ನಿಮಿಷಕ್ಕೆ ಔಷಧಿ ತಂದು ಮತ್ತೆ ಒಳಗೆ ಓಡಿದ, ಈ ಸಲ ಎಂಜಿನ್ನನ್ನೂ ಆಫ್ ಮಾಡ್ಲಿಲ್ಲ, ಮತ್ತೆ ಹತ್ತಲ್ವೇನೋ ಅನ್ನೋ ಭಯಕ್ಕೆ. ಅಮ್ಮನ್ನ ಮತ್ತೆ ಕೂರಿಸಿದೆ. ಗಾಡಿ ಹತ್ರ ಹೋಗಿ, ನ್ಯೂಟ್ರಲ್ಲಲ್ಲಿದ್ಯಾ ನೋಡಿ, ಆಕ್ಸಿಲರೇಟರ್ ಸ್ವಲ್ಪ ಹಿಡಿದು, ಬ್ಯಾಟರಿಗೆ ಒಂಚೂರು ಚಾರ್ಜ್ ಹೋಗ್ಲಿ ಅಂತ ಒಂದು ಕಾಲು ಗಂಟೆ ಹಾಗೇ ಓಡಿಸ್ತಾ ನಿಂತೆ. ಆಮೇಲೆ ಕೀ ಆಫ್ ಮಾಡಿ, ತೆಗೆದು, ಒಳಗೆ ಹೋಗಿ ಅಜ್ಜಿ ಮಂಚದ ಪಕ್ಕ ನಿಂತಿದ್ದ ಅವನ ಕೈಲಿಟ್ಟೆ.